ರಿಪೋರ್ಟ್ ಎಲ್ಲಾ ನಾರ್ಮಲ್, ಉಸಿರು ಮಾತ್ರ ಸಾಲುತ್ತಿಲ್ಲ

ಪ್ರಶ್ನೆ: ಮೇಡಂ, ನನಗೆ 39 ವರ್ಷ. ದಾವಣಗೆರೆಯಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. 14 ತಿಂಗಳಿಂದ ಉಸಿರು ಪೂರ್ತಿ ಒಳಗೆ ಹೋಗುತ್ತಿಲ್ಲ, ಅರ್ಧಕ್ಕೇ ನಿಂತ ಹಾಗೆ ಆಗುತ್ತದೆ. ದೊಡ್ಡ ಆಕಳಿಕೆ ಬಂದರೆ ಸಮಾಧಾನ, ಎರಡು ನಿಮಿಷಕ್ಕೆ ಮತ್ತೆ ಅದೇ. ಬೆರಳ ತುದಿ ಜುಮ್ಮೆನ್ನುತ್ತದೆ. ಇಸಿಜಿ, ಎಕೋ, ಸಿಟಿ ಸ್ಕ್ಯಾನ್, ಊದುವ ಟೆಸ್ಟ್, ಥೈರಾಯ್ಡ್, ಹಿಮೋಗ್ಲೋಬಿನ್ ಎಲ್ಲಾ ನಾರ್ಮಲ್. ಇನ್‌ಹೇಲರ್‌ನಿಂದಲೂ ವ್ಯತ್ಯಾಸ ಇಲ್ಲ. ಕೊನೆಗೆ ಒಬ್ಬ ಡಾಕ್ಟರು "ಏನೂ ಇಲ್ಲಮ್ಮ, ಬರೀ ಟೆನ್ಷನ್" ಅಂದರು. ಈಗ ಮನೆಯವರೂ ನಾನು ನಾಟಕ ಮಾಡುತ್ತೇನೆ ಅನ್ನೋ ಹಾಗೆ ನೋಡುತ್ತಾರೆ.

ಉತ್ತರ (ಶ್ವಾಸಕೋಶ ತಜ್ಞೆ): ನಾಟಕ ಅಲ್ಲ. ಇಂಥವರನ್ನು ನಾನು ವಾರಕ್ಕೆ ಇಬ್ಬರನ್ನಾದರೂ ನೋಡುತ್ತೇನೆ. "ಏನೂ ಇಲ್ಲ" ಅನ್ನೋ ಮಾತು ನನಗೂ ಇಷ್ಟವಿಲ್ಲ. ಆ ಟೆಸ್ಟ್‌ಗಳು ಹುಡುಕಿದ್ದು ಸಿಗಲಿಲ್ಲ, ಅಷ್ಟೇ.

ಎರಡು ವಿಷಯ ಹೇಳಿ. ಮೆಟ್ಟಿಲು ಹತ್ತುವಾಗ ಜಾಸ್ತಿಯೋ, ಸುಮ್ನೆ ಕೂತಾಗ ಜಾಸ್ತಿಯೋ? ಅಂಗಾತ ಮಲಗಿದರೆ ಹೇಗಿರುತ್ತದೆ?

ಪ್ರಶ್ನೆ ಕೇಳಿದವರು: ಕೂತಾಗಲೇ ಮೇಡಂ, ಅದೂ ಟಿವಿ ನೋಡುವಾಗ. ಮೂರನೇ ಮಹಡಿ ಹತ್ತಿದರೂ ಏನೂ ಆಗಲ್ಲ. ಮಲಗಿದರೆ ತೊಂದರೆ ಇಲ್ಲ. ಆಕ್ಸಿಮೀಟರ್ ದಿನಕ್ಕೆ ಮೂವತ್ತು ಸಲ ಹಾಕಿ ನೋಡುತ್ತೇನೆ, 99 ತೋರಿಸುತ್ತದೆ. ಯೋಗ ಕ್ಲಾಸಲ್ಲಿ ಕಪಾಲಭಾತಿ ಮಾಡಿದ ದಿನ ತಲೆ ತಿರುಗಿತು.

ಉತ್ತರ: ಅರ್ಧ ಉತ್ತರ ನೀವೇ ಕೊಟ್ಟಿರಿ. ನಿಮಗೆ ಗಾಳಿ ಕಡಿಮೆ ಆಗುತ್ತಿಲ್ಲ, ಜಾಸ್ತಿ ಆಗುತ್ತಿರುವ ಹಾಗಿದೆ. ಸುಮ್ನೆ ಕೂತಾಗ ನಿಮಿಷಕ್ಕೆ 12ರಿಂದ 20 ಉಸಿರು ಸಾಕು. ಪದೇ ಪದೇ ನಿಟ್ಟುಸಿರು ಎಳೆದರೆ ರಕ್ತದ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುತ್ತದೆ. ರಕ್ತದಲ್ಲಿ ಅದರ ಒತ್ತಡ 35–45 mmHg ಒಳಗೆ ಇರಬೇಕು. ಇಳಿದರೆ ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಉಸಿರು ಸಾಲದು ಅನ್ನಿಸುತ್ತದೆ. ಆಗ ಇನ್ನೂ ಜೋರಾಗಿ ಎಳೆಯುತ್ತೀರಿ. ಆಕ್ಸಿಮೀಟರ್ ಇದನ್ನು ತೋರಿಸುವುದಿಲ್ಲ, ಅದು ಅಳೆಯುವುದು ಆಕ್ಸಿಜನ್ ಮಾತ್ರ. ದಯವಿಟ್ಟು ಅದನ್ನು ಬೀರುವಿನಲ್ಲಿ ಇಡಿ.

ಇದಕ್ಕೆ ನಾವು ಡಿಸ್‌ಫಂಕ್ಷನಲ್ ಬ್ರೀದಿಂಗ್ ಅನ್ನುತ್ತೇವೆ, ಅಂದರೆ ಉಸಿರಾಡುವ ರೀತಿ ಕೆಟ್ಟಿರುವುದು. ಟೆನ್ಷನ್‌ನಿಂದ ಶುರುವಾಗಬಹುದು, ಕೆಮ್ಮು ಜ್ವರದ ನಂತರವೂ ಬರಬಹುದು. ಆದರೆ ಮೆಸೇಜ್ ನೋಡಿ ಖಚಿತ ಮಾಡಲಾರೆ. ಫೆರಿಟಿನ್, ಅಂದರೆ ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ನೋಡುವ ರಕ್ತ ಪರೀಕ್ಷೆ, ಮಾಡಿಸಿದ್ದೀರಾ? ಹಿಮೋಗ್ಲೋಬಿನ್ ಸರಿ ಇದ್ದೂ ಕಬ್ಬಿಣ ಖಾಲಿ ಇರಬಹುದು. ಅವತ್ತು ಊದುವ ಟೆಸ್ಟ್ ನಾರ್ಮಲ್ ಬಂದ ಮಾತ್ರಕ್ಕೆ ಅಸ್ತಮಾ ಇಲ್ಲ ಅಂತಲೂ ಅಲ್ಲ, ಅದಕ್ಕೆ ಮೆಥಾಕೋಲಿನ್ ಟೆಸ್ಟ್ ಇದೆ, ಅಂದರೆ ಆ ಔಷಧಿಯನ್ನು ಉಸಿರಲ್ಲಿ ಎಳೆಸಿ ಶ್ವಾಸನಾಳ ಬಿಗಿಯುತ್ತದಾ ಅಂತ ನೋಡುವುದು. ಎದೆನೋವು, ಕಾಲು ಊತ, ತಲೆ ಸುತ್ತಿ ಬೀಳುವುದು, ಕೆಮ್ಮಿದಾಗ ರಕ್ತ, ಇವುಗಳಲ್ಲಿ ಒಂದು ಕಂಡರೂ ಕಾಯದೆ ಆಸ್ಪತ್ರೆಗೆ ಹೋಗಿ.

ಕಪಾಲಭಾತಿ, ಭಸ್ತ್ರಿಕಾ ಸದ್ಯಕ್ಕೆ ಬೇಡ. "ದೀರ್ಘವಾಗಿ ಉಸಿರು ಎಳೆಯಿರಿ" ಅನ್ನೋ ಸಲಹೆ ಎಲ್ಲರ ಬಾಯಲ್ಲೂ ಇದೆ, ನಿಮಗೆ ಅದು ಉಲ್ಟಾ. ಅಂಗಾತ ಮಲಗಿ, ಮಂಡಿ ಮಡಚಿ, ಒಂದು ಕೈ ಎದೆ ಮೇಲೆ, ಒಂದು ಹೊಟ್ಟೆ ಮೇಲೆ ಇಡಿ. ಬಾಯಿ ಮುಚ್ಚಿ ಮೂಗಿನಿಂದ ಸಣ್ಣದಾಗಿ ತಗೊಳ್ಳಿ, ಬಿಡುವಾಗ ಇನ್ನೂ ನಿಧಾನ. ಹೊಟ್ಟೆ ಮೇಲಿನ ಕೈ ಮಾತ್ರ ಏರಬೇಕು. ದಿನಕ್ಕೆ ಎರಡು ಸಲ, ಹತ್ತು ಹತ್ತು ನಿಮಿಷ. ನಿಟ್ಟುಸಿರು ಬಂದರೆ ಒಮ್ಮೆ ಎಂಜಲು ನುಂಗಿ, ತಡೆದು ನೋಡಿ. ಮೊದಲ ವಾರ ಹಿಂಸೆ ಅನ್ನಿಸುತ್ತದೆ. ಉಸಿರಾಟದ ಫಿಸಿಯೋಥೆರಪಿ ಗೊತ್ತಿರುವವರು ಎದುರಿಗೆ ಕೂತು ಕಲಿಸಿದರೆ ಒಳ್ಳೆಯದು. ವಾರಗಳು ಬೇಕು, ದಿನಗಳಲ್ಲಿ ಆಗುವುದಿಲ್ಲ.

ಹಾಂ, ಲಂಗದ ಲಾಡಿ ಬಿಗಿಯಾಗಿ ಕಟ್ಟಿಕೊಂಡು ಮಿಷನ್ ಮುಂದೆ ಬಗ್ಗಿ ಕೂತರೆ ಹೊಟ್ಟೆ ಅಲ್ಲಾಡುವುದಾದರೂ ಹೇಗೆ? ಸಡಿಲ ಮಾಡಿಕೊಳ್ಳಿ. ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತೀರಾ, ಗಮನಿಸಿ.

ಪ್ರಶ್ನೆ ಕೇಳಿದವರು: ಈಗಷ್ಟೇ ನೋಡಿದೆ ಮೇಡಂ. ಪೋಣಿಸಿ ಗಂಟು ಹಾಕುವವರೆಗೂ ಉಸಿರೇ ಬಿಟ್ಟಿರಲಿಲ್ಲ. ಆಮೇಲೆ ದೊಡ್ಡದೊಂದು ನಿಟ್ಟುಸಿರು. ಫೆರಿಟಿನ್ ಸೋಮವಾರ ಕೊಟ್ಟು ಬರುತ್ತೇನೆ.