ಪಿಎಲ್‌ಸಿ ಮೋಟರ್ ಯಾಕೆ ನಿಲ್ಲಿಸಿತು ಅಂತ ಆಫೀಸಿಗೆ ಗೊತ್ತಾಗಬೇಕು, ಅನುಭವ ಇದ್ದವರು ಹೇಳಿ

ಮಲ್ಪೆ ಐಸ್‌ಪ್ಲಾಂಟ್: ನಮ್ಮಲ್ಲಿ ಮೂರು ಅಮೋನಿಯಾ ಕಂಪ್ರೆಸರ್. ಒಂದೊಂದಕ್ಕೂ ಸಣ್ಣ ಪಿಎಲ್‌ಸಿ (ಮೋಟರ್ ನಡೆಸುವ, ನಿಲ್ಲಿಸುವ ಸಣ್ಣ ಕಂಪ್ಯೂಟರ್) ಉಂಟು. ಆಯಿಲ್ ಪ್ರೆಶರ್ ಬಿದ್ದರೆ ಪಿಎಲ್‌ಸಿಯೇ ಮೋಟರ್ ನಿಲ್ಲಿಸುತ್ತದೆ. ಕಾರಣ ಆಫೀಸಿನ ಸ್ಕ್ರೀನಿಗೆ ಬರಬೇಕು. ಅದಕ್ಕೆ ಮಾಡ್‌ಬಸ್ (ಯಂತ್ರಗಳು ಒಂದಕ್ಕೊಂದು ಮಾಹಿತಿ ಕೊಡುವ ಪದ್ಧತಿ) ಸಾಕಾ?

ಬೈಕಂಪಾಡಿ ಮೆಂಟೆನೆನ್ಸ್: ಧಾರಾಳ ಸಾಕು. 1979ರಿಂದ ಉಂಟು, ಹೆಚ್ಚಿನ ಮೀಟರ್‌ಗಳಲ್ಲಿ ಇರುತ್ತದೆ. ನಮ್ಮ ಗೇರುಬೀಜದ ಫ್ಯಾಕ್ಟರಿಯಲ್ಲಿ ಕಾಟ ಕೊಟ್ಟದ್ದು ಮಾಡ್‌ಬಸ್ ಅಲ್ಲ, ಕೇಬಲ್. ಕಂಟ್ರಾಕ್ಟರ್ ಮಾಡ್‌ಬಸ್ ಹೋಗುವ ಆರ್‌ಎಸ್-485 ಲೈನನ್ನು ಡ್ರೈವಿನ (ಮೋಟರಿನ ವೇಗ ಬದಲಿಸುವ ಸಾಧನದ) ಪವರ್ ಕೇಬಲ್ ಟ್ರೇಯಲ್ಲೇ ಎಳೆದು ಹೋಗಿದ್ದ. ಡ್ರೈಯರ್ ಶುರುವಾದ ಕೂಡಲೇ ಟೈಮ್‌ಔಟ್, ಅಂದರೆ ಕೇಳಿದ್ದಕ್ಕೆ ಉತ್ತರವೇ ಬಾರದು. ಹೊಸ ಶೀಲ್ಡೆಡ್ (ಒಳಗೆ ಲೋಹದ ಹೊದಿಕೆ ಇರುವ) ಕೇಬಲ್‌ಗೆ 14,000, ಬೇರೆ ಟ್ರೇಗೆ 9,500, ಕೂಲಿ 6,000. ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿಸಿದೆ. ಮತ್ತೆ ಒಂದು ಟೈಮ್‌ಔಟ್ ಬಂದಿಲ್ಲ ಮಾರಾಯ್ರೆ.

ಉಡುಪಿ ಪಂಪ್‌ಹೌಸ್: ಟೈಮ್‌ಔಟ್ ಬಾರದಿದ್ದರೆ ಆಯ್ತಾ? ಮಾಡ್‌ಬಸ್‌ನಲ್ಲಿ ಪಿಎಲ್‌ಸಿ ತಾನಾಗಿ ಬಾಯಿ ಬಿಡುವುದಿಲ್ಲ. ಮಾಸ್ಟರ್ (ಆಫೀಸಿನ ಕಂಪ್ಯೂಟರ್) ಕೇಳಿದ ಕ್ಷಣಕ್ಕೆ ರಿಜಿಸ್ಟರಿನಲ್ಲಿ (ಪಿಎಲ್‌ಸಿಯ ನೆನಪಿನ ಜಾಗದಲ್ಲಿ) ಏನುಂಟೋ ಅಷ್ಟೇ. ನಮ್ಮಲ್ಲಿ ಹತ್ತು ಸೆಕೆಂಡಿಗೊಮ್ಮೆ ಪೋಲಿಂಗ್ (ಮಾಸ್ಟರ್ ಕೇಳುವುದು) ಇತ್ತು. ವೋಲ್ಟೇಜ್ ಬಿದ್ದು ಅಂಡರ್‌ವೋಲ್ಟೇಜ್ ಬಿಟ್ (ಹೌದು-ಇಲ್ಲ ಹೇಳುವ ಗುರುತು) 1 ಆಗುತ್ತದೆ, ಮೂರು ಸೆಕೆಂಡಿನಲ್ಲಿ ಪುನಃ 0. ಪಂಪ್ ನಿಂತದ್ದು ಕಾಣುತ್ತದೆ, ಕಾರಣ ಕಾಣುವುದಿಲ್ಲ. ಸುಮ್ನೆ ಮೋಟರ್ ಬಿಚ್ಚಿಸಿದರು. ಕ್ರೇನ್, ಲಾರಿ, ಬೇರಿಂಗ್ ಎಲ್ಲ ಸೇರಿ 38,000. ಮೋಟರಿಗೆ ಎಂತದೂ ಆಗಿರಲಿಲ್ಲ! ಈಗ ಡಿಎನ್‌ಪಿ3 (ಮಾಡ್‌ಬಸ್ ಹಾಗೆ ಇನ್ನೊಂದು ಪದ್ಧತಿ) ಇರುವ ಆರ್‌ಟಿಯು (ದೂರದಿಂದ ಮಾಹಿತಿ ಕಳಿಸುವ ಪೆಟ್ಟಿಗೆ) ಹಾಕಿದ್ದೇವೆ. ಬಿಟ್ ಬದಲಾದ ಕೂಡಲೇ ಟೈಮ್ ಬರೆದು ಇಟ್ಟುಕೊಳ್ಳುತ್ತದೆ, ಕೇಳದೆಯೂ ಕಳಿಸುತ್ತದೆ. ಲೈನ್ ಹೋಗಿದ್ದರೆ ಬಂದ ಮೇಲೆ ಕಳಿಸುತ್ತದೆ.

ಬೈಕಂಪಾಡಿ ಮೆಂಟೆನೆನ್ಸ್: ಅಷ್ಟಕ್ಕೆ ಆರ್‌ಟಿಯು ಯಾಕೆ? ಲ್ಯಾಡರಿನಲ್ಲಿ (ಪಿಎಲ್‌ಸಿಯ ಪ್ರೋಗ್ರಾಮಿನಲ್ಲಿ) ಒಂದು ಲ್ಯಾಚ್ (ಬಂದದ್ದನ್ನು ಹಿಡಿದಿಡುವ ಸಾಲು) ಹಾಕಿ. ಮೊದಲು ಬಂದ ಟ್ರಿಪ್ಪಿನ (ಮೋಟರ್ ನಿಲ್ಲಿಸಿದ ಕಾರಣದ) ನಂಬರ್, ರಿಸೆಟ್ ಒತ್ತುವ ತನಕ ರಿಜಿಸ್ಟರಿನಲ್ಲಿ ಕೂತಿರುತ್ತದೆ. ನಿಮ್ಮ ಪ್ರೋಗ್ರಾಮ್ ಬರೆದವನಿಗೆ ಕೆಲಸ ಗೊತ್ತಿಲ್ಲ, ಮಾಡ್‌ಬಸ್‌ಗೆ ಯಾಕೆ ಬೈಯುತ್ತೀರಿ?

ಉಡುಪಿ ಪಂಪ್‌ಹೌಸ್: ಮಾತು ನೋಡಿ ಆಡಿ. ಎರಡು ಪಂಪ್ ಒಟ್ಟಿಗೆ ನಿಂತರೆ ಮೊದಲು ನಿಂತದ್ದು ಯಾವುದು ಅಂತ ನಿಮ್ಮ ಲ್ಯಾಚ್ ಹೇಳುತ್ತದಾ? ಟೈಮ್ ಬೇಕೇ ಬೇಕು.

ಕಂಕನಾಡಿ ಪ್ಯಾನಲ್ ಬೋರ್ಡ್: ಇಬ್ಬರೂ ಹಾರ್ಟ್‌ಬೀಟ್ (ಲೈನ್ ಬದುಕಿದೆ ಅಂತ ತೋರಿಸುವ ಗುರುತು) ವಿಷಯ ಎತ್ತಲೇ ಇಲ್ಲ. ಲೈನ್ ಕಡಿದರೂ ಕೆಲವು ಸ್ಕ್ರೀನಿನಲ್ಲಿ ಹಳೆಯ ಹಸಿರು ದೀಪ ಹಾಗೇ ಇರುತ್ತದೆ. ನಮ್ಮ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ರಾತ್ರಿಯಿಡೀ "ರನ್" ತೋರಿಸಿತು, ಒಳಗೆ ಬಂಗುಡೆ ಹಾಳಾಯಿತು. ಪಿಎಲ್‌ಸಿಯಲ್ಲಿ ಸೆಕೆಂಡಿಗೊಮ್ಮೆ ಏರುವ ಕೌಂಟರ್ ಇಡಿ. ಅದು ನಿಂತರೆ ಸ್ಕ್ರೀನ್ ಕೆಂಪಾಗಲಿ. ಮತ್ತೆ ಮೇ ತಿಂಗಳ ಸಿಡಿಲು. ಐಸೊಲೇಟೆಡ್ ಕನ್ವರ್ಟರ್ (ಲೈನಿನ ಕರೆಂಟನ್ನು ಪಿಎಲ್‌ಸಿಯಿಂದ ಬೇರೆ ಇಡುವ ಸಾಧನ) 4,200, ಹಾಕದ ಕಡೆ ಸುಟ್ಟ ಪಿಎಲ್‌ಸಿ ಪೋರ್ಟಿಗೆ 11,000. ಶೀಲ್ಡ್ ಎರಡೂ ಕಡೆ ಅರ್ಥ್ ಮಾಡಿಸಿ.

ಬೈಕಂಪಾಡಿ ಮೆಂಟೆನೆನ್ಸ್: ಎರಡೂ ಕಡೆಯಾ? ಎರಡು ಅರ್ಥ್ ನಡುವೆ ವೋಲ್ಟೇಜ್ ಇದ್ದರೆ ಶೀಲ್ಡಿನಲ್ಲೇ ಕರೆಂಟ್ ಹರಿಯುತ್ತದೆ. ಒಂದೇ ಕಡೆ ಮಾಡಬೇಕು.

ಮಲ್ಪೆ ಐಸ್‌ಪ್ಲಾಂಟ್: ಅಮೋನಿಯಾಕ್ಕೆ ನಮ್ಮ ತಾಮ್ರದ ಟರ್ಮಿನಲ್ ಎಲ್ಲ ಹಸಿರಾಗುತ್ತದೆ. ಅದಕ್ಕೆ ಎಂತ ಮಾಡುವುದು?

ಕಂಕನಾಡಿ ಪ್ಯಾನಲ್ ಬೋರ್ಡ್: ಬೈಕಂಪಾಡಿಯವರೇ, ಒಂದೇ ಕಡೆ ಮಾಡಿದ ಲೈನ್ ಡ್ರೈವಿನ ನಾಯ್ಸ್ ಹಿಡಿದದ್ದನ್ನು ನಾನು ಸ್ಕೋಪ್ (ಸಿಗ್ನಲಿನ ಅಲೆ ತೋರಿಸುವ ಉಪಕರಣ) ಇಟ್ಟು ನೋಡಿದ್ದೇನೆ.

ಬೈಕಂಪಾಡಿ ಮೆಂಟೆನೆನ್ಸ್: ಆ ಪ್ಯಾನಲಿನ ಅರ್ಥ್ ಪಿಟ್ (ಅರ್ಥಿಂಗ್ ಗುಂಡಿ) ರೀಡಿಂಗ್ ಎಷ್ಟು ಓಮ್ ಇತ್ತು? ಅದನ್ನು ಹಾಕಿ, ಮತ್ತೆ ಮಾತಾಡುವ.