ರಾತ್ರಿ ಹಾಲಿನ ಬಾಟಲಿ ಕೈಗೆ ಸಿಗುತ್ತಿಲ್ಲ, ರೇಡಿಯಂ ಅಂಟಿಸಿದರೂ ಹೊಳೆಯುತ್ತಿಲ್ಲ

ಅರೆನಿದ್ದೆ:
ಮಗಳಿಗೆ ಎರಡೂವರೆ ತಿಂಗಳು. ನಡುರಾತ್ರಿಯ ಪಾಳಿ ನನ್ನದು. ಹೆಂಡತಿ ಹನ್ನೊಂದಕ್ಕೆ ಎದೆಹಾಲು ತೆಗೆದು, ಬಾಟಲಿಗೆ ತುಂಬಿ, ಮಂಚದ ಪಕ್ಕದ ಮೇಜಿನ ಮೇಲಿಟ್ಟು ಮಲಗುತ್ತಾಳೆ. ನಾನು ಎರಡೂವರೆಗೆ ಏಳುತ್ತೇನೆ. ದೀಪ ಹಾಕಿದರೆ ಮಗು ಕಣ್ಣರಳಿಸಿ ಆಟಕ್ಕಿಳಿಯುತ್ತದೆ, ಮತ್ತೆ ಮಲಗಿಸಲು ಒಂದು ಗಂಟೆ ಬೇಕು. ಹಾಕದಿದ್ದರೆ ಕನ್ನಡಕ, ನೀರಿನ ಲೋಟ, ನೋವಿನ ಮುಲಾಮು ಎಲ್ಲವೂ ಕೈಗೆ ಸಿಗುತ್ತವೆ, ಬಾಟಲಿಯೊಂದನ್ನು ಬಿಟ್ಟು. ಮೊನ್ನೆ ಕೈತಾಗಿ ಕೆಳಗುರುಳಿ, ಮುಚ್ಚಳ ಬಿಚ್ಚಿಕೊಂಡು 90 ಎಂ.ಎಲ್. ಹಾಲು ನೆಲದ ಪಾಲಾಯಿತು. ಹೆಂಡತಿ ಏನೂ ಅನ್ನಲಿಲ್ಲ. ಅಂದಿದ್ದರೇ ವಾಸಿಯಿತ್ತು.

ನಂಬರ್ ಪ್ಲೇಟ್ ಅಂಗಡಿಯಲ್ಲಿ ಹಸಿರು ರೇಡಿಯಂ ಪಟ್ಟಿ ಕತ್ತರಿಸಿಕೊಂಡು ಬಂದು ಬಾಟಲಿಗೆ ಅಂಟಿಸಿದೆ. ಟಾರ್ಚ್ ಬಿಟ್ಟರೆ ಝಗ್ಗೆನ್ನುತ್ತದೆ, ಆರಿಸಿದರೆ ಸೊನ್ನೆ. ಒಂದು ಸಲ ಕುದಿಸಿದ್ದಕ್ಕೇ ಅಂಚು ಎದ್ದಿದೆ. ನನ್ನ ತಪ್ಪು ಎಲ್ಲಿದೆ?

ಸ್ಟಿಕ್ಕರ್ ಕಟಿಂಗ್:
ಪಟ್ಟಿ ಸರಿಯಾಗಿಯೇ ಇದೆ ಸರ್, ಹೆಸರೇ ಮೋಸ. ನಮ್ಮ ಕಡೆ ಎರಡು ಬೇರೆ ಬೇರೆ ವಸ್ತುಗಳನ್ನು ರೇಡಿಯಂ ಎನ್ನುತ್ತೇವೆ. ನೀವು ತಂದದ್ದು ಗಾಡಿಗೆ ಹಚ್ಚುವಂಥದ್ದು. ಬೆಳಕು ಬಂದ ದಿಕ್ಕಿಗೇ ಅದನ್ನು ಹಿಂದಕ್ಕೆ ಎಸೆಯುತ್ತದೆ, ಅಷ್ಟೇ ಅದರ ಕೆಲಸ. ಹೆಡ್‌ಲೈಟ್ ಇಲ್ಲದ ಕೋಣೆಯಲ್ಲಿ ಅದು ಬರೀ ಪ್ಲಾಸ್ಟಿಕ್. ನಿಮಗೆ ಬೇಕಾದದ್ದು ಬೆಳಕು ಕುಡಿದು ಆಮೇಲೆ ನಿಧಾನವಾಗಿ ಬಿಡುವ ಟೇಪು. ಕೊಳ್ಳುವಾಗ ‘ಸ್ಟ್ರಾಂಷಿಯಂ ಅಲ್ಯೂಮಿನೇಟ್’ ಎಂದು ಬರೆದಿದೆಯೇ ನೋಡಿ. ಅದು ಗಂಟೆಗಟ್ಟಲೆ ಹೊಳೆಯುತ್ತದೆ. ಅಗ್ಗದ ಆಟಿಕೆಗಳಲ್ಲಿರುವ ಜಿಂಕ್ ಸಲ್ಫೈಡ್ ಬಹುಬೇಗ ಮಂಕಾಗುತ್ತದೆ.

ಹೆದರಬೇಡಿ, ಎರಡರಲ್ಲೂ ಅಸಲಿ ರೇಡಿಯಂ ಇಲ್ಲ. 1898ರಲ್ಲಿ ಕ್ಯೂರಿ ದಂಪತಿ ಕಂಡುಹಿಡಿದ ಆ ವಿಕಿರಣ ಧಾತುವನ್ನು ಒಂದು ಕಾಲದಲ್ಲಿ ಗಡಿಯಾರದ ಮುಳ್ಳುಗಳಿಗೆ ಬಳಿಯುತ್ತಿದ್ದರು, ಹೆಸರು ಅಲ್ಲಿಂದ ಉಳಿದುಬಂತು. ಅಂಥ ಮುತ್ತಜ್ಜನ ಗಡಿಯಾರ ಮನೆಯಲ್ಲಿದ್ದರೆ ಮಾತ್ರ ಬಿಚ್ಚಲು ಹೋಗಬೇಡಿ.

ಅರೆನಿದ್ದೆ:
ಹೇಳಿದ ಟೇಪನ್ನೇ ತಂದೆ ಸರ್. ಮಲಗುವಾಗ ಹಸಿರಾಗಿ ಚೆನ್ನಾಗಿ ಕಂಡಿತು. ಎರಡೂವರೆಗೆ ನೋಡಿದರೆ ಪೂರಾ ಕಪ್ಪು.

ಸ್ಟಿಕ್ಕರ್ ಕಟಿಂಗ್:
ಎರಡು ಪ್ರಶ್ನೆ. ಮಲಗುವ ಮುಂಚೆ ಕೋಣೆಯಲ್ಲಿ ಯಾವ ದೀಪ ಇರುತ್ತದೆ? ಎದ್ದ ಕೂಡಲೇ ಮೊಬೈಲಿನಲ್ಲಿ ಗಂಟೆ ನೋಡುತ್ತೀರಾ?

ಅರೆನಿದ್ದೆ:
ಕೆಂಪು ಝೀರೋ ಬಲ್ಬು. ಮೊಬೈಲ್... ಹೌದು, ಅಲಾರಂ ಆರಿಸಬೇಕಲ್ಲ. ಜೊತೆಗೆ ಒಂದೆರಡು ಮೆಸೇಜು.

ಸ್ಟಿಕ್ಕರ್ ಕಟಿಂಗ್:
ಸಿಕ್ಕಿತು. ಕೆಂಪು ಬೆಳಕಿಗೆ ಈ ಟೇಪು ತುಂಬಿಕೊಳ್ಳುವುದಿಲ್ಲ, ಅದಕ್ಕೆ ನೀಲಿ ಅಂಶವಿರುವ ಬೆಳಕು ಬೇಕು. ಬಿಳಿ ಎಲ್‌ಇಡಿ ಟ್ಯೂಬ್‌ಲೈಟಿನ ಕೆಳಗೆ ಹತ್ತು ನಿಮಿಷ ಹಿಡಿದು ಆಮೇಲೆ ಮಲಗಿ.

ಇನ್ನರ್ಧ ತಪ್ಪು ಮೊಬೈಲಿನದು. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಮಲಗಿ ಎದ್ದವನಿಗೆ ಅದು ಪುಕ್ಕಟೆಯಾಗಿ ಸಿಕ್ಕಿರುತ್ತದೆ, ಮೊಬೈಲ್ ಪರದೆ ಕೆಲವೇ ಕ್ಷಣಗಳಲ್ಲಿ ಕಸಿದುಕೊಳ್ಳುತ್ತದೆ. ಟೇಪು ಆಗಲೂ ಮಿಣುಕುತ್ತಲೇ ಇರುತ್ತದೆ, ಕಾಣದಿರುವುದು ನಿಮಗೆ. ನೆಟ್ಟನೋಟ ಬೇಡ, ಸ್ವಲ್ಪ ಪಕ್ಕಕ್ಕೆ ನೋಡಿ. ಮಬ್ಬಿನಲ್ಲಿ ಕಣ್ಣಂಚಿಗೆ ಹೆಚ್ಚು ಕಾಣುತ್ತದೆ.

ಇಬ್ಬರು ಮಕ್ಕಳ ತಾಯಿ:
ನಡುವೆ ಬಾಯಿ ಹಾಕುತ್ತಿದ್ದೇನೆ. ಬಾಟಲಿಗೆ ಏನನ್ನೂ ಅಂಟಿಸಬೇಡಿ. ದಿನಾ ಕುದಿಸುವ ವಸ್ತು ಅದು, ಎದ್ದ ಅಂಚಿನ ಅಂಟಿನಲ್ಲಿ ಹಾಲಿನ ಜಿಡ್ಡು ಕೂರುತ್ತದೆ. ಇನ್ನು ಎರಡು ತಿಂಗಳಿಗೆ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗಿಡುತ್ತದೆ, ಕಿತ್ತುಬಂದ ತುಂಡು ಗಂಟಲಿಗೆ ಹೋದರೆ ಗತಿಯೇನು?

ಹೊಳೆಯಬೇಕಾದದ್ದು ಬಾಟಲಿ ಕೂರುವ ಜಾಗ. ನಾನು ಅಕ್ಕಿ ಅಳೆಯುವ ಹಿತ್ತಾಳೆ ಸೇರನ್ನು ತಂದು ಮೇಜಿನ ಗೋಡೆ ಕಡೆಯ ಮೂಲೆಯಲ್ಲಿಟ್ಟು, ಬಾಟಲಿಯನ್ನು ಅದರೊಳಗೆ ನಿಲ್ಲಿಸುತ್ತಿದ್ದೆ. ಕೈತಾಗಿದರೂ ಅಲುಗುವುದಿಲ್ಲ, ಅಷ್ಟು ಭಾರ. ಟೇಪನ್ನು ಸೇರಿನ ಕಂಠದ ಸುತ್ತ ಹೊರಗಡೆಗೆ ಅಂಟಿಸಿ. ಕತ್ತಲಲ್ಲಿ ಹಸಿರು ಬಳೆಯೊಂದು ಕಾಣುತ್ತದೆ, ಅದರ ನಡುವೆ ಕೈಯಿಟ್ಟರೆ ಬಾಟಲಿಯ ಕತ್ತು. ಒಳಗೊಂದು ತೊಳೆದ ಬಟ್ಟೆ ಹಾಸಿ, ಇಲ್ಲದಿದ್ದರೆ ಟಣ್ ಎಂದ ಸದ್ದಿಗೇ ಮಗು ಏಳುತ್ತದೆ.

ಕುಡಿಸುವಾಗ ಆ ಕೆಂಪು ಬಲ್ಬು ಇರಲಿ. ಮಗು ನೆತ್ತಿಗೇರಿಸಿಕೊಳ್ಳುತ್ತಿದೆಯೇ ಎಂದು ಮುಖ ಕಾಣಬೇಕು. ತೆಗೆದಿಟ್ಟ ಎದೆಹಾಲನ್ನು 25 ಡಿಗ್ರಿಯೊಳಗಿನ ಕೋಣೆಯಲ್ಲಾದರೆ 4 ಗಂಟೆ ಇಡಬಹುದು. ಬೇಸಿಗೆಯಲ್ಲಿ ಈ ಲೆಕ್ಕ ನಂಬಬೇಡಿ, ಫ್ರಿಜ್ಜಿನಲ್ಲಿಡಿ. ನಮ್ಮತ್ತೆ ಬಾಟಲಿಯೇ ಬೇಡ, ಒಳಲೆಯಲ್ಲಿ (ಹಾಲು ಕುಡಿಸುವ ಮೂತಿಯ ಪುಟ್ಟ ಬಟ್ಟಲು) ಹಾಕು ಎನ್ನುತ್ತಿದ್ದರು. ಹಗಲಿಗೆ ಸರಿ. ರಾತ್ರಿ ಎರಡೂವರೆಗೆ ನಿದ್ದೆಗಣ್ಣಲ್ಲಿ ಒಳಲೆ ಹಿಡಿಯುವ ಧೈರ್ಯ ನನಗಂತೂ ಇರಲಿಲ್ಲ.

ಅರೆನಿದ್ದೆ:
ಮೂರು ರಾತ್ರಿ ನೋಡಿ ಬರೆಯುತ್ತಿದ್ದೇನೆ. ಟ್ಯೂಬ್‌ಲೈಟ್ ಕೆಳಗೆ ಹತ್ತು ನಿಮಿಷ, ಅಲಾರಂಗೆ ಹಳೆಯ ಗುಂಡಿಯ ಗಡಿಯಾರ. ಮೊದಲ ರಾತ್ರಿ ಮಸುಕಾಗಿ, ಆಮೇಲಿನ ಎರಡು ರಾತ್ರಿ ಸ್ಪಷ್ಟವಾಗಿ ಬಳೆ ಕಂಡಿತು. ಪಕ್ಕಕ್ಕೆ ನೋಡಿದಾಗ ಹೆಚ್ಚು ಕಾಣುವುದೂ ನಿಜ. ಹಾಲು ಚೆಲ್ಲಿಲ್ಲ. ಇಬ್ಬರಿಗೂ ಧನ್ಯವಾದ.

ಉಳಿದಿರುವುದು ಒಂದೇ ತಕರಾರು: ಬೆಳಿಗ್ಗೆ ಅಮ್ಮ ಅಕ್ಕಿ ಅಳೆಯಲು ಸೇರು ಹುಡುಕುತ್ತಿದ್ದಾರೆ.