ತೋಟದ ನೀರುಗಿಡ ಫೈಟರ್ ಮೀನಿಗೆ ಆಗುತ್ತದೆಯೇ?

ಶಿವಮೊಗ್ಗದಿಂದ:
ಮಗಳ ಹುಟ್ಟುಹಬ್ಬಕ್ಕೆ ಯಾರೋ ಒಂದು ಫೈಟರ್ ಮೀನು ಕೊಟ್ಟರು, ಅದೂ ಉಪ್ಪಿನಕಾಯಿ ಜಾಡಿಯಷ್ಟು ಬಟ್ಟಲಿನಲ್ಲಿ. ನೋಡಲಾಗದೆ 20 ಲೀಟರಿನ ಗಾಜಿನ ತೊಟ್ಟಿ ತಂದಿದ್ದೇನೆ. ಗಿಡ, ಕೊರಡು ಇಟ್ಟು ಹಳ್ಳದ ದಡದಂತೆ ಮಾಡುವ ಆಸೆ. ತೀರ್ಥಹಳ್ಳಿ ಬಳಿಯ ತವರಿನ ಅಡಿಕೆ ತೋಟದ ಕಾಲುವೆಯಲ್ಲಿ ನೀರುಗಿಡ ಬೇಕಾದಷ್ಟಿದೆ. ತಂದು ನೆಡಲೇ? ಮಾಡಿ ನೋಡಿದವರು ಹೇಳಿ.

ಕೊಪ್ಪದಿಂದ:
ಬೇಡ ಅಕ್ಕ. ನಾನು ಅದನ್ನೇ ಮಾಡಿ ಮೀನು ಕಳೆದುಕೊಂಡವನು. ಆಗಸ್ಟಿನಲ್ಲಿ ನಮ್ಮದೇ ತೋಟದ ಬಸಿಗಾಲುವೆಯಿಂದ ಒಂದು ಹಿಡಿ ಗಿಡ ಕಿತ್ತು, ತೊಳೆದೇ ನೆಟ್ಟೆ. ಮರುದಿನ ಬಸವನಹುಳುಗಳೆಲ್ಲ ತಳಕ್ಕೆ ಬಿದ್ದಿದ್ದವು. ಮೀನು ಮೂರು ದಿನ ಮೂಲೆ ಹಿಡಿದಿದ್ದು ಸತ್ತಿತು. ಫಿಲ್ಟರಿನದೇ ತಪ್ಪೆಂದು ಅದನ್ನು ಎರಡು ಸಲ ಬಿಚ್ಚಿ ತೊಳೆದಿದ್ದೆ. ಆಮೇಲೆ ನೆನಪಾಯಿತು: ಗಿಡ ಕೀಳುವ ನಾಲ್ಕು ದಿನ ಮೊದಲಷ್ಟೇ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಸಿದ್ದೆವು. ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣ, ಮೈಲುತುತ್ತದಲ್ಲಿರುವುದು ತಾಮ್ರ. ಗೊನೆಯಿಂದ ತೊಟ್ಟಿಕ್ಕಿದ್ದೆಲ್ಲ ಮಳೆಯಲ್ಲಿ ಕಾಲುವೆಗೇ ಇಳಿಯುತ್ತದೆ. ನಮ್ಮ ಬಾವಿಯಂಥ ಮೆದು ನೀರಿನಲ್ಲಿ ತಾಮ್ರದ ವಿಷ ಗಡಸು ನೀರಿಗಿಂತ ಜೋರಾಗಿ ತಟ್ಟುತ್ತದೆ. ಸಾಲದ್ದಕ್ಕೆ, ನೀರು ತುಂಬಿದ ಬಕೆಟ್ ಕೂಡ ಔಷಧಿ ಕಲಸುವುದೇ ಆಗಿತ್ತು. ಮೀನಿಗೆಂದೇ ಒಂದು ಬಕೆಟ್ ಬೇರೆ ಇಡಿ.

ಸಾಗರದಿಂದ:
ಅಂಗಡಿಯಲ್ಲಿ ಅನುಬಿಯಾಸ್, ಜಾವಾ ಫರ್ನ್ ಕೇಳಿ. ಕಡಿಮೆ ಬೆಳಕಿಗೂ ಬದುಕುತ್ತವೆ. ಇವುಗಳ ಕಾಂಡ ಗೆಡ್ಡೆಯಂತೆ ಅಡ್ಡಕ್ಕೆ ಹರಿಯುತ್ತದೆ. ಶುಂಠಿ ಬೆಳೆಯುವ ಮನೆಯವನಾದ್ದರಿಂದ ಕೈ ತಾನಾಗಿಯೇ ಅದನ್ನು ಮರಳಿನಲ್ಲಿ ಹೂತುಬಿಟ್ಟಿತು. ಹದಿನೈದು ದಿನಕ್ಕೆ ಕೊಳೆತು ನಾರಿತು. ಹೂಳದೆ ಕೊರಡಿಗೆ ದಾರದಲ್ಲಿ ಕಟ್ಟಿ. ಕ್ರಿಪ್ಟೋಕೊರೈನ್ ನೆಟ್ಟರೆ ಮೊದಮೊದಲು ಎಲೆ ಕರಗಿಹೋಗಬಹುದು. ಬೇರು ಗಟ್ಟಿಯಿದ್ದರೆ ಕೀಳಬೇಡಿ, ಮತ್ತೆ ಚಿಗುರುತ್ತದೆ. ದೀಪ ದಿನಕ್ಕೆ ಆರು ಗಂಟೆ ಸಾಕು. ಕಿಟಕಿ ಪಕ್ಕ ಇಟ್ಟಿರೋ, ಪಾಚಿ ಸಾಕಿದಂತೆ.

ಹೊಸನಗರದಿಂದ:
ಮಳೆಗಾಲದ ತಂಪನ್ನು ಮರೆಯಬೇಡಿ. ಥಾಯ್ಲೆಂಡ್ ಕಡೆಯ ಮೀನು, 24ರಿಂದ 28 ಡಿಗ್ರಿ ಬೇಕು. ನಮ್ಮ ತೊಟ್ಟಿಯೂ ನಿಮ್ಮಷ್ಟೇ. 25 ವಾಟ್ ಹೀಟರ್ ಸಾಕಾಗಿದೆ. ಕರೆಂಟ್ ಹೋದರೆ (ನಮ್ಮಲ್ಲಿ ಬರುವುದೇ ಸುದ್ದಿ) ಗಾಜಿಗೆ ಕಂಬಳಿ ಸುತ್ತುತ್ತೇನೆ. ಉಸಿರಿನ ಚಿಂತೆ ಬೇಡ, ಮೇಲಕ್ಕೆ ಬಂದು ಗಾಳಿ ಕುಡಿಯುವ ಮೀನು ಇದು. ಜಿಗಿಯುತ್ತದೆ, ಮುಚ್ಚಳ ಇರಲಿ; ಆದರೆ ನೀರಿಗೂ ಮುಚ್ಚಳಕ್ಕೂ ನಡುವೆ ಎರಡು ಬೆರಳು ಜಾಗ ಬಿಡಿ.

ಶಿವಮೊಗ್ಗದಿಂದ:
ತವರಿನ ಗಿಡದ ಆಸೆ ಬಿಟ್ಟೆ. ಇಲ್ಲಿ ಕ್ಲೋರಿನ್ ಹಾಕಿದ ನಲ್ಲಿ ನೀರು. ಹೊಸ ತೊಟ್ಟಿಯನ್ನು ಒಂದು ತಿಂಗಳು ಮೀನಿಲ್ಲದೆ ಬಿಡಬೇಕಂತೆ; ಅಲ್ಲಿಯವರೆಗೆ ಇದು ಬಟ್ಟಲಿನಲ್ಲೇ ಇರಲೇ?

ಕೊಪ್ಪದಿಂದ:
ಬಟ್ಟಲಿಗಿಂತ ತೊಟ್ಟಿಯೇ ಮೇಲು. ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ನೀರು ತುಂಬಿ. ಮೀನಿನ ಹೊಲಸಿನಿಂದಾಗುವ ಅಮೋನಿಯಾ ವಿಷವನ್ನು ಅರಗಿಸುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಎರಡು ದಿನಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಆಹಾರ ದಿನಕ್ಕೆ ಮೂರು ನಾಲ್ಕು ಕಾಳು ಮಾತ್ರ. ಸ್ಪಾಂಜ್ ಫಿಲ್ಟರನ್ನು ನಲ್ಲಿಯ ಕೆಳಗೆ ಹಿಡಿಯಬೇಡಿ, ಬ್ಯಾಕ್ಟೀರಿಯಾ ಸಾಯುತ್ತದೆ. ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ.